ಆರನೇ ಮೆಟ್ಟಿಲು

ಗೋದಾವರಿ ಕಾಲುವೆಗಳ ಸೀಮೆಯಲ್ಲಿ ನೀರು ತಡೆದು ಬಿಡುವ ಬಾಗಿಲಿನ ಪೆದಲಂಕ ಲಾಕು ಕಾಯುವ ಲಸ್ಕರ್ ತಾತಾರಾವಿನ ಬಗ್ಗೆ ಒಂದು ಮಾತಿತ್ತು. ನೀರು ಬೇಕಾದರೆ ಸುಳ್ಳು ಹೇಳೀತು, ತಾತಾರಾವು ಹೇಳುವುದಿಲ್ಲ. ಈ ಮಾತನ್ನು ಮೊದಲು ಹೇಳಿದವನೂ, ಊರೂರಿಗೆ ಹೊತ್ತು ಹಂಚಿದವನೂ ತಾತಾರಾವೇ ಎನ್ನುವುದು ಬೇರೆ ಸಂಗತಿ. ಲಾಕಿನ ಕೆಳಗಿನ ಗೋಡೆಗೆ ಬಡಿದ ಗೇಜು ಪಟ್ಟಿಯಲ್ಲಿ ನೀರು ಎಷ್ಟಕ್ಕೆ ನಿಂತಿದೆ ಎಂದು ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ ನೋಡುವುದು, ಪುಸ್ತಕದಲ್ಲಿ ಬರೆಯುವುದು, ಸೆಕ್ಷನ್ ಆಫೀಸಿಗೆ ಫೋನು ಮಾಡಿ ಹೇಳುವುದು, ಇಷ್ಟೇ ಅವನ ಮುಖ್ಯ ಕೆಲಸ. ಮೂವತ್ತನಾಲ್ಕು ವರ್ಷದಿಂದ, ಕಾಲುವೆಯಲ್ಲಿ ನೀರಿದ್ದ ಒಂದು ದಿನವೂ ತಪ್ಪಿರಲಿಲ್ಲ. ದಾಳ್ವಾ, ಅಂದರೆ ಬೇಸಿಗೆಯ ಎರಡನೇ ಭತ್ತದ ಬೆಳೆಯ ಹೊತ್ತಿಗೆ ನೀರು ಕಡಿಮೆಯಾಗಿ ಮೇಲಿನೂರಿನವರೂ ಕೆಳಗಿನೂರಿನವರೂ ಗುದ್ದಲಿ ಹಿಡಿದು ಏರಿಯ ಮೇಲೆ ಎದುರುಬದುರಾದಾಗ ತಾತಾರಾವು ಹೋಗಿ ಒಂದು ಅಂಕಿ ಹೇಳಿದರೆ ಸಾಕು, ಗುದ್ದಲಿ ಹೆಗಲಿಗೇರುತ್ತಿದ್ದವು. ಅಂಥ ಹೊತ್ತಿನಲ್ಲಿ ಅವನು ನಡೆಯುವ ಗತ್ತು ನೋಡಬೇಕಿತ್ತು, ಗೋದಾವರಿಯನ್ನು ಇವನೇ ಹೆತ್ತು ಸಾಕಿದ ಹಾಗೆ.

ಈಗ ನಿಜ ಹೇಳಬೇಕೆಂದರೆ, ಎರಡು ವರ್ಷದಿಂದ ತಾತಾರಾವಿಗೆ ಆ ಪಟ್ಟಿಯ ಅಂಕಿ ಕಾಣುತ್ತಿರಲಿಲ್ಲ. ಲಾಕಿನ ಸೇತುವೆಯ ಮೇಲೆ ನಿಂತು ನೋಡಿದರೆ ಗೋಡೆಗೆ ಯಾರೋ ಮಜ್ಜಿಗೆ ಚೆಲ್ಲಿದ ಹಾಗೆ ಬೆಳ್ಳಗೆ ಒಂದು ಗೆರೆ, ಅಷ್ಟೇ. ಹತ್ತಿರ ಹೋಗಿ ನೋಡೋಣವೆಂದರೆ ಪಾಚಿ ಹಿಡಿದ ಮೆಟ್ಟಿಲು ಇಳಿಯಬೇಕು. ಎರಡು ಕಣ್ಣಿಗೂ ಪೊರೆ ಬಂದಿದೆ ಎಂದು ಅವನಿಗೆ ಗೊತ್ತಿತ್ತು. ಹೇಳಿಕೊಳ್ಳುವ ಬಾಯಿ ಮಾತ್ರ ಇರಲಿಲ್ಲ, ಯಾಕೆಂದರೆ ಆ ಬಾಯಿಯನ್ನು ಅವನು ಮೊದಲೇ ಖರ್ಚು ಮಾಡಿಬಿಟ್ಟಿದ್ದ. ಇವನಿಗಿಂತ ಹಿಂದಿನ ಲಸ್ಕರ್ ಗಣ್ಣಯ್ಯ ಕೊನೆಗಾಲದಲ್ಲಿ ಸೋಡಾ ಬಾಟಲಿಯ ತಳದಂಥ ಕನ್ನಡಕ ಹಾಕಿಕೊಂಡು ಗೇಜಿಗೆ ಮೂಗು ತಾಗಿಸಿ ಓದುತ್ತಿದ್ದ. ಆಗಿನ್ನೂ ಎಳೆಯ ಮೀಸೆಯ ತಾತಾರಾವು ಅವನಿಗೆ ಗೂಬಯ್ಯ ಎಂದು ಹೆಸರಿಟ್ಟು, ಊರಿನ ಮಕ್ಕಳ ಬಾಯಿಗೂ ಅದನ್ನೇ ಕಲಿಸಿ, ಪಾಪ ಆ ಮನುಷ್ಯ ನಿವೃತ್ತಿಯ ದಿನ ಹಾರ ಹಾಕಿಸಿಕೊಳ್ಳುವಾಗಲೂ ಹಿಂದಿನಿಂದ ಗೂಬೆಯ ಹಾಗೆ ಕೂಗಿದ್ದ. ತಾನು ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರಲ್ಲ, ಉಣ್ಣುವ ಹೊತ್ತು ಬಂದಾಗ ತಾತಾರಾವು ಎಲೆಯ ಮುಂದೆ ಕೂರಲು ತಯಾರಿರಲಿಲ್ಲ. ನಿವೃತ್ತಿಗೆ ಇನ್ನೊಂದು ವರ್ಷ ಹೇಗಾದರೂ ಎಳೆದುಬಿಟ್ಟರೆ ಸಾಕು ಎಂದುಕೊಂಡ.

ಎಳೆಯುವ ಉಪಾಯವೂ ಹೊಳೆಯಿತು. ಹೆಂಡತಿ ಭೂಲಕ್ಷ್ಮಿ ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿದುಕೊಡುವವಳು, ಮಾತು ಕಡಿಮೆ. ಬೆಳಗಾಗುತ್ತಲೇ ಬಟ್ಟೆಯ ಬಕೀಟು ಹಿಡಿದು ಕಾಲುವೆಯ ಮೆಟ್ಟಿಲಿಗೆ ಹೋಗುತ್ತಿದ್ದಳು, ಸಂಜೆ ಪಾತ್ರೆ ತೊಳೆಯಲು ಇನ್ನೊಮ್ಮೆ. ಆ ಮೆಟ್ಟಿಲುಗಳು ಗೇಜು ಪಟ್ಟಿಯಿಂದ ನಾಲ್ಕು ಮಾರು ದೂರ. ಕಣ್ಣು ಇನ್ನೂ ಅಷ್ಟು ಕೆಟ್ಟಿರದ ಕಾಲದಲ್ಲೇ ತಾತಾರಾವು ಲೆಕ್ಕ ಹಾಕಿ ಇಟ್ಟಿದ್ದ. ಮೇಲಿನಿಂದ ಎಣಿಸಿದರೆ ಆರನೇ ಮೆಟ್ಟಿಲ ಮುಖ ಗೇಜಿನಲ್ಲಿ ಒಂದು ಮೀಟರು ಮೂವತ್ತೈದು. ಒಂದೊಂದು ಮೆಟ್ಟಿಲಿಗೆ ಹದಿನೈದು ಸೆಂಟಿಮೀಟರು. ಒಂದು ಬೆರಳಿಗೆ ಎರಡು. ಇದನ್ನೆಲ್ಲ ಒಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದು ಗೋಡೆಯ ಕ್ಯಾಲೆಂಡರಿನ ಹಿಂದೆ ಅಂಟಿಸಿದ. ಆಮೇಲೆ ಪ್ರತಿದಿನ ಕಾಫಿ ಲೋಟ ಹಿಡಿದು, ಏನೂ ಬೇಕಿಲ್ಲದವನ ಹಾಗೆ ಆಕಳಿಸುತ್ತ, ಇವತ್ತು ನೀರು ಎಷ್ಟನೇ ಮೆಟ್ಟಿಲಿಗಿದೆ ಎಂದು ಕೇಳುವುದು. ಅವಳು ಬಟ್ಟೆ ಹರವುತ್ತಲೇ, ಆರನೆಯದು ಮುಳುಗಿ ಎರಡು ಬೆರಳು ಎಂದೋ, ಐದನೆಯದಕ್ಕೆ ಬೆರಳು ಕಮ್ಮಿ ಎಂದೋ ಹೇಳುವುದು. ಇವನು ಒಳಗೆ ಹೋಗಿ ಕ್ಯಾಲೆಂಡರ್ ಎತ್ತಿ, ಚೀಟಿಗೆ ಮೂಗು ತಾಗಿಸಿ ಲೆಕ್ಕ ಮಾಡಿ ಆಫೀಸಿಗೆ ಫೋನು ಹಚ್ಚುವುದು.

ಅನ್ನಕ್ಕೆ ಬೆರಳಲ್ಲೇ ನೀರಿಡುವ ಕೈ, ಬೆರಳ ಲೆಕ್ಕ ತಪ್ಪುವುದಿಲ್ಲ ಎಂದು ತಾತಾರಾವು ಒಳಗೊಳಗೇ ಮೆಚ್ಚುತ್ತಿದ್ದ. ಹೆಚ್ಚಾಗಿ ಮೆಚ್ಚಿದ್ದು ತನ್ನನ್ನೇ. ಇಂಜಿನಿಯರ್ ಓದಬೇಕಾಗಿದ್ದವನು ನಾನು, ಹಣೆಬರಹ, ಲಸ್ಕರ್ ಆದೆ ಎಂದುಕೊಳ್ಳುತ್ತಿದ್ದ. ಪಾಪ ಭೂಲಕ್ಷ್ಮಿ, ಸರ್ಕಾರದ ಕೆಲಸ ಮಾಡುತ್ತಿರುವವಳು ತಾನೇ ಎಂಬುದು ಆ ಮುಗ್ಧೆಗೆ ಗೊತ್ತೇ ಇಲ್ಲವಲ್ಲ ಎಂದು ಮರುಕವೂ ಪಟ್ಟ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವಾಗ ಅದಕ್ಕೂ ಹೀಗೇ ಮರುಕ ಬರುತ್ತದೋ ಏನೋ.

ಸಂಕ್ರಾಂತಿಗೆ ಕಾಕಿನಾಡದಿಂದ ಬಂದ ಮಗಳು ಭವಾನಿ ಒಂದು ವಾಷಿಂಗ್ ಮಷೀನ್ ತಂದಳು. ಬೀದಿಯ ಹೆಂಗಸರೆಲ್ಲ ಹಬ್ಬದ ಕಜ್ಜಾಯ ಅರಿಸೆ ತಿನ್ನುತ್ತ ಮಷೀನಿನ ಸುತ್ತ ಕೂತು, ಗಾಜಿನ ಬಾಗಿಲಲ್ಲಿ ಸೀರೆಗಳು ಉರುಳುವುದನ್ನು ಸಿನಿಮಾ ನೋಡುವ ಹಾಗೆ ನೋಡಿದರು. ಇವಳು ಕಾಲುವೆಗೆ ಹೋಗದಿದ್ದರೆ ಮೆಟ್ಟಿಲು ಎಣಿಸುವವರಾರು ಎಂದು ತಾತಾರಾವು ಮಾತ್ರ ಮಷೀನಿನ ತಪ್ಪು ಹುಡುಕತೊಡಗಿದ. ಕರೆಂಟು ಬಿಲ್ಲು ಎಂದ. ಬಟ್ಟೆ ಸವೆಯುತ್ತೆ ಎಂದ. ಕಾಲುವೆಯ ನೀರಲ್ಲಿ ನಿಂತರೆ ಮಂಡಿನೋವು ಬರುವುದಿಲ್ಲವೆಂದು ಆಯುರ್ವೇದದಲ್ಲಿ ಹೇಳಿದೆ ಎಂದೂ ಅಂದ. ಹೆಂಡತಿ ಬಗ್ಗಿ ಬಗ್ಗಿ ಬಟ್ಟೆ ಒಗೆಯಲಿ ಎಂದು ಹಟ ಹಿಡಿದ ಗಂಡಸನ್ನು ಇವತ್ತೇ ನೋಡಿದ್ದು ಎಂದು ಮಗಳು ಎಲ್ಲರೆದುರು ಮುಖಕ್ಕೆ ಮಂಗಳಾರತಿ ಎತ್ತಿದಳು. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ತಾತಾರಾವು ಇನ್ನೊಂದು ಅರಿಸೆ ಬಾಯಿಗಿಟ್ಟುಕೊಂಡ.

ಮಗಳು ಹೋದ ಮರುದಿನ ಬೆಳಿಗ್ಗೆ ಅವನು ಎದೆ ಹಿಡಿದುಕೊಂಡು ಕೂತಿದ್ದರೆ, ಭೂಲಕ್ಷ್ಮಿ ಎಂದಿನಂತೆ ಬಕೀಟು ಎತ್ತಿಕೊಂಡು ಕಾಲುವೆಗೆ ಹೊರಟಳು. ಮಷೀನಿಗೆ ಕಾಲರಿನ ಕೊಳೆ ಹೋಗಲ್ಲ ಎಂದಳು. ಮರುದಿನವೂ ಹೋದಳು, ಅದರ ಮರುದಿನವೂ. ತಾತಾರಾವಿಗೆ ಹೋದ ಜೀವ ಬಂದ ಹಾಗಾಯಿತು. ಜೀವ ಬಂದ ಕೂಡಲೇ ಜಂಬವೂ ಬಂತು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ, ಮಷೀನು ತಂದುಕೊಟ್ಟರೂ ಇವಳಿಗೆ ಕಲ್ಲೇ ಬೇಕು ಎಂದು ಟೀ ಅಂಗಡಿಯಲ್ಲಿ ನಾಲ್ಕು ಜನರೆದುರು ನಕ್ಕ.

ಫೆಬ್ರವರಿಯಲ್ಲಿ ಬ್ಯಾರೇಜಿನಿಂದ ಬರುವ ನೀರು ಇಳಿಯಿತು. ಸರದಿ ಶುರುವಾಯಿತು. ನಾಲ್ಕು ದಿನ ಮೇಲಿನೂರಿಗೆ, ನಾಲ್ಕು ದಿನ ಕಾಲುವೆಯ ತುದಿಯ ಊರಿಗೆ. ತುದಿಯೂರಿನ ಸರದಿಯಲ್ಲಿ ಲಾಕಿನ ಕೆಳಗೆ ಗೇಜು ಒಂದೂವರೆ ಮೀಟರು ತೋರಿಸಬೇಕು, ಆಗಲೇ ತುದಿಗೆ ನೀರು ಮುಟ್ಟುವುದು. ತಾತಾರಾವಿನ ಪುಸ್ತಕದಲ್ಲಿ ತಿಂಗಳಿಡೀ ಒಂದು ನಲವತ್ತು, ಒಂದು ಮೂವತ್ತೇಳು, ಹೀಗೇ ಇತ್ತು. ಅಂದರೆ ಮೇಲಿನೂರಿನವರು ತಮ್ಮದಲ್ಲದ ಸರದಿಯಲ್ಲೂ ತೂಬು ತೆರೆದು ನೀರು ಎಳೆದುಕೊಳ್ಳುತ್ತಿದ್ದಾರೆ ಎಂದರ್ಥ. ಆ ಪುಸ್ತಕ ನಂಬಿಯೇ ತುದಿಯೂರಿನ ಹಿರಿಯ ಬುಲ್ಲಬ್ಬಾಯಿ ಆಫೀಸಿಗೆ ಅರ್ಜಿ ಕೊಟ್ಟ. ಅವರೂರಿನ ಭತ್ತ ಹೊಡೆ ಹೊರಡುವ ಹದದಲ್ಲಿತ್ತು, ಇನ್ನೊಂದು ವಾರ ನೀರಿಲ್ಲದಿದ್ದರೆ ಜೊಳ್ಳು. ಮೇಲಿನೂರಿನ ಮುಖಂಡ ಅಬ್ಬುಲು ಸುಮ್ಮನಿರುವ ಕುಳವಲ್ಲ. ತಾತಾರಾವು ಗೇಜಿನ ಕಡೆ ಹಾಯುವುದೇ ಇಲ್ಲ, ಮನೆಯಲ್ಲಿ ಕಾಫಿ ಕುಡಿಯುತ್ತ ಬಾಯಿಗೆ ಬಂದ ಅಂಕಿ ಬರೆಯುತ್ತಾನೆ, ಎದುರಿಗೆ ನಿಲ್ಲಿಸಿ ಓದಿಸಿ ಎಂದು ಅವನೂ ಒಂದು ಅರ್ಜಿ ಗುಜರಾಯಿಸಿದ.

ಹೊಸದಾಗಿ ಬಂದಿದ್ದ ಇಂಜಿನಿಯರ್ ಪ್ರತ್ಯೂಷಾ ಮೇಡಂ ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಎರಡೂ ಊರಿನವರನ್ನು ಲಾಕಿಗೆ ಕರೆದಳು. ಎಂಟಕ್ಕೆ ಲಾಕಿನ ಬಾಗಿಲು ತಿರುಗಿಸಿ ನೀರಿನ ಮಟ್ಟ ಬದಲಿಸುತ್ತೇನೆ, ತಾತಾರಾವು ಎಲ್ಲರೆದುರು ಸೇತುವೆಯ ಮೇಲೆ ನಿಂತು ಓದಬೇಕು ಎಂದಳು. ಓದು ಸರಿಯಾದರೆ ಪುಸ್ತಕವೂ ಸರಿ, ತುದಿಯೂರಿಗೆ ಇನ್ನೂ ನಾಲ್ಕು ದಿನ ನೀರು, ಮೇಲಿನ ತೂಬುಗಳಿಗೆ ಬೀಗ. ತಪ್ಪಾದರೆ ತಿಂಗಳ ಪುಸ್ತಕವೆಲ್ಲ ರದ್ದು, ಅರ್ಜಿಯೂ ರದ್ದು.

ತಾತಾರಾವಿಗೆ ಎರಡು ದಿನ ಅನ್ನ ಇಳಿಯಲಿಲ್ಲ. ಮುಂಜಾನೆಯ ಅಂಕಿ ಕೇಳಿಟ್ಟುಕೊಂಡು ಹೇಳಿಬಿಡೋಣವೆಂದರೆ ಬಾಗಿಲು ತಿರುಗಿಸುತ್ತಾಳಂತೆ. ಕಣ್ಣಿಗೆ ಜೇನು ಬಿಟ್ಟು ನೋಡಿದ, ಉರಿ ಬಂತು, ನೋಟ ಬರಲಿಲ್ಲ. ಗೂಬಯ್ಯ ಎಂದವನೇ, ಈಗ ಕೂಗು ನೋಡೋಣ ಎಂದು ಕನ್ನಡಿಯಲ್ಲಿ ಕಾಣುವ ಮಬ್ಬು ಮುಖಕ್ಕೆ ಬೈದುಕೊಂಡ. ಕೊನೆಗೆ ಹಳೆಯ ಉಪಾಯಕ್ಕೇ ಶರಣಾದ. ಗುರುವಾರ ಒಂಬತ್ತಕ್ಕೆ ಸರಿಯಾಗಿ ಮನೆಯ ಹೊದಿಕೆಗಳನ್ನೆಲ್ಲ ಕಾಲುವೆಯಲ್ಲೇ ಒಗೆಯಬೇಕು, ದೊಡ್ಡವರು ಬರುವಾಗ ಮೆಟ್ಟಿಲ ಮೇಲೆ ಮನೆಯವರೊಬ್ಬರು ಇದ್ದರೆ ಲಕ್ಷಣ ಎಂದು ಹೆಂಡತಿಗೆ ಹೇಳಿದ. ಒಗೆಯುವುದಕ್ಕೂ ಲಕ್ಷಣಕ್ಕೂ ಏನು ಸಂಬಂಧವೋ ಅವನಿಗೇ ತಿಳಿಯದು. ಭೂಲಕ್ಷ್ಮಿ ಅವನನ್ನು ಒಮ್ಮೆ ದಿಟ್ಟಿಸಿ, ಆಗಲಿ ಎಂದಳು.

ಗುರುವಾರ ಸೇತುವೆಯ ಮೇಲೆ ಐವತ್ತು ಜನ. ಅಬ್ಬುಲು ಬಿಳಿ ಪಂಚೆಯಲ್ಲಿ, ಮದುವೆಗೆ ಬಂದವನ ಹಾಗೆ ನಗುತ್ತ ನಿಂತಿದ್ದ. ಬುಲ್ಲಬ್ಬಾಯಿ ತಾತಾರಾವಿನ ಪಕ್ಕಕ್ಕೇ ಬಂದು ಹೆಗಲ ಮೇಲೆ ಕೈಯಿಟ್ಟು, "ಭಾವಾ, ನಿನ್ನ ಮೇಲೆ ಭಾರ ಹಾಕಿದೀವಪ್ಪಾ" ಎಂದ. ತಾತಾರಾವು ಕೆಳಗೆ ಮೆಟ್ಟಿಲಿನ ಕಡೆ ನೋಡಿದ. ಹಸಿರು ಸೀರೆಯ ಒಂದು ಮಸುಕು ಬಗ್ಗಿ ಏಳುತ್ತಿತ್ತು, ಅದು ತನ್ನ ಹೆಂಡತಿಯೇ ಇರಬೇಕು ಎಂದುಕೊಂಡ.

ಮೇಡಂ ಗಡಿಯಾರ ನೋಡಿ, ಓದಿ ತಾತಾರಾವುಗಾರೂ ಎಂದಳು. ಅವನು ಗಂಟಲು ಸರಿಮಾಡಿಕೊಂಡು, ಪಟ್ಟಿಯ ಕಡೆ ಕಣ್ಣು ಕಿರಿದು ಮಾಡಿ ನೋಡುವ ನಾಟಕವಾಡಿ, ತಮಾಷೆಗೆಂಬಂತೆ ನಗುತ್ತ ಕೆಳಕ್ಕೆ ಕೂಗಿದ.

"ಏನೇ ಭೂಲಕ್ಷ್ಮೀ, ಆರನೇ ಮೆಟ್ಟಿಲು ಎಷ್ಟು ಬೆರಳು ಮುಳುಗಿದೆಯೇ?"

ಕೆಳಗೆ ಭೂಲಕ್ಷ್ಮಿ ಕೈಯಲ್ಲಿದ್ದ ಹೊದಿಕೆಯನ್ನು ಕಲ್ಲಿನ ಮೇಲಿಟ್ಟು ತಲೆಯೆತ್ತಿ ನೋಡಿದಳು. ಸೇತುವೆಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಕಿಸಕ್ಕನೆ ನಕ್ಕರು. ಬುಲ್ಲಬ್ಬಾಯಿ ಹೆಗಲ ಮೇಲಿನ ಕೈ ತೆಗೆದು, ಮೆಲ್ಲಗೆ ಅಂದ:

"ಆರನೇ ಮೆಟ್ಟಿಲು ಎಲ್ಲಿದೆ ಭಾವಾ? ಹೋದ ಮೇ ತಿಂಗಳಲ್ಲಿ ಕಾಲುವೆ ನೀರು ನಿಲ್ಲಿಸಿದಾಗ ಪಂಚಾಯ್ತಿಯೋರು ಹಳೇದೆಲ್ಲಾ ಕಿತ್ತುಹಾಕಿ ದೊಡ್ಡವು ಐದೇ ಮೆಟ್ಟಿಲು ಕಟ್ಟಿದ್ರಲ್ಲ."

ಹೋದ ಮೇ ತಿಂಗಳಲ್ಲಿ ತಾತಾರಾವನ್ನು ಮೂರು ವಾರ ಹೂಳೆತ್ತಿಸುವ ಕೆಲಸಕ್ಕೆ ಮೇಲಿನ ತೂಬಿಗೆ ಕಳಿಸಿದ್ದರು. ತಿರುಗಿ ಬಂದ ಮೇಲೆ, ಜಾರಿ ಬಿದ್ದೇನೆಂಬ ಹೆದರಿಕೆಗೆ, ಆ ಮೆಟ್ಟಿಲ ಕಡೆ ಅವನು ಕಾಲಿಟ್ಟಿರಲೇ ಇಲ್ಲ. ಮನೆಯಿಂದ ಇಪ್ಪತ್ತು ಗಜ ದೂರದ ಮೆಟ್ಟಿಲು ಐದೋ ಆರೋ ಗೊತ್ತಿಲ್ಲದವನು ಎರಡು ಊರಿನ ನೀರಿಗೆ ನ್ಯಾಯ ಹೇಳುತ್ತಿದ್ದಾನೆ. ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದು ಕ್ಷಣ ಬಿಟ್ಟು ಬಿತ್ತು. ಮೇ ತಿಂಗಳಿಂದ ಮೊನ್ನೆಯವರೆಗೆ, ಒಂಬತ್ತು ತಿಂಗಳು, ಇಲ್ಲದ ಆರನೇ ಮೆಟ್ಟಿಲು ಮುಳುಗಿ ಎರಡು ಬೆರಳು, ಒಂದೂವರೆ ಬೆರಳು ಎಂದು ಭೂಲಕ್ಷ್ಮಿ ಹೇಳುತ್ತಲೇ ಬಂದಿದ್ದಾಳೆ. ಹಾಗಾದರೆ ಅಷ್ಟೂ ಅಂಕಿಗಳು ಎಲ್ಲಿಂದ ಬಂದವು? ಕಟ್ಟುಕತೆಯೇ? ಆ ಕಟ್ಟುಕತೆ ನಂಬಿ ಬುಲ್ಲಬ್ಬಾಯಿ ಅರ್ಜಿ ಕೊಟ್ಟನೇ?

ಅಬ್ಬುಲು ಈಗ ಬಾಯಿ ಬಿಟ್ಟ. "ನಾನು ಅವತ್ತೇ ಹೇಳ್ಲಿಲ್ವಾ ಮೇಡಂ? ಇವನಿಗೆ ಮೆಟ್ಟಿಲೇ ಕಾಣಲ್ಲ, ಗೇಜು ಕಾಣುತ್ತಾ?"

ಈ ಹೊತ್ತಿನಲ್ಲಿ ಯಾವುದೋ ಒಂದು ಅಂಕಿ ಎಸೆದುಬಿಡಬಹುದಿತ್ತು. ಒಂದು ನಲವತ್ತು ಎಂದರೆ ಹತ್ತರಲ್ಲಿ ಒಂದು ಸಲ ಸರಿಯಾದರೂ ಆದೀತು. ತಾತಾರಾವಿನ ನಾಲಿಗೆಯ ತುದಿಗೆ ಅದು ಬಂದೂ ಬಿಟ್ಟಿತ್ತು. ಆದರೆ ಪಕ್ಕದಲ್ಲಿ ಬುಲ್ಲಬ್ಬಾಯಿ ಉಸಿರು ಎಳೆದೆಳೆದು ಬಿಡುತ್ತ ನಿಂತಿದ್ದ, ಆ ಉಸಿರು ಇವನಿಗೆ ಕೇಳಿಸುತ್ತಿತ್ತು. ಹಾಳಾದ ಕಣ್ಣು ಹೋದರೆ ಕಿವಿ ಚುರುಕಾಗುತ್ತದಂತೆ. ನಾಚಿಕೆಯಿಂದ ತಾತಾರಾವಿಗೆ ಅಳು ಬಂತು. ತಲೆಗೆ ಸುತ್ತಿದ್ದ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಮೇಡಂ, ನನಗೆ ಗೇಜು ಕಾಣಲ್ಲ. ಎರಡು ವರ್ಷ ಆಯ್ತು. ಅಂಕಿ ಎಲ್ಲಾ ನಮ್ಮನೇವಳು ಹೇಳಿದ್ದು. ಅವಳು ಏನು ನೋಡಿ ಹೇಳಿದ್ಲೋ ನಂಗೊತ್ತಿಲ್ಲ. ಅವಳನ್ನೇ ಕೇಳಿ."

ಕೆಳಗೆ ಭೂಲಕ್ಷ್ಮಿ ಸೆರಗಿಗೆ ಕೈ ಒರೆಸಿಕೊಂಡು, ನೀರಿನ ಕಡೆ ಒಮ್ಮೆ ಬಗ್ಗಿ ನೋಡಿ, ಅಂಗಡಿಯಲ್ಲಿ ಬಟ್ಟೆಯ ಅಳತೆ ಹೇಳುವ ದನಿಯಲ್ಲಿ ಹೇಳಿದಳು.

"ಒಂದು ಮೀಟರು ಮೂವತ್ತೆಂಟು. ಅಲೆ ಬಂದಾಗ ಮೂವತ್ತೊಂಬತ್ತು."

ಮೇಡಂ ಸರಸರನೆ ಮೆಟ್ಟಿಲಿಳಿದು ಹೋಗಿ ಅವಳ ಪಕ್ಕದಲ್ಲಿ ನಿಂತು ಪಟ್ಟಿ ನೋಡಿದಳು. ಮೂವತ್ತೆಂಟು. ಅಬ್ಬುಲುವನ್ನೂ ಕರೆದು ತೋರಿಸಿದಳು, ಅವನೂ ನೋಡಿದ, ಮೂವತ್ತೆಂಟೇ. ಒಂದು ಸಲ ಕುರುಡು ಕೋಳಿಗೂ ಕಾಳು ಸಿಗುತ್ತದೆ, ತಿಂಗಳ ಪುಸ್ತಕದ ಮಾತೇನು ಎಂದು ಅವನು ಗೊಣಗಿದ. ಅದಕ್ಕೆ ಮೇಡಂ ತನ್ನ ಚೀಲದಿಂದ ಡೈರಿ ತೆಗೆದಳು. ಈ ತಿಂಗಳಲ್ಲಿ ಮೂರು ಸಲ ಯಾರಿಗೂ ಹೇಳದೆ ಬಂದು ತಾನೇ ಗೇಜು ಓದಿ ಬರೆದುಕೊಂಡಿದ್ದಳಂತೆ. ಮೂರೂ ತಾತಾರಾವಿನ ಪುಸ್ತಕದೊಂದಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡಿದ್ದವು. ಹೀಗೆ ಓದುವ ಲಸ್ಕರ್ ಈ ಸರ್ಕಲ್ಲಿನಲ್ಲಿ ಇನ್ನೊಬ್ಬನಿಲ್ಲ ಎಂದು ಮೇಲಧಿಕಾರಿಗೆ ಕಾಗದ ಬರೆಯುವವಳಿದ್ದಳಂತೆ. ಪುಸ್ತಕ ಸರಿ, ಮೇಲಿನ ತೂಬುಗಳಿಗೆ ಇವತ್ತೇ ಬೀಗ, ತುದಿಯೂರಿಗೆ ನಾಲ್ಕು ದಿನ ನೀರು ಎಂದಳು. ಆಮೇಲೆ ತಾತಾರಾವಿನ ಕಡೆ ತಿರುಗಿ, ನಾಳೆಯೇ ಕಣ್ಣಾಸ್ಪತ್ರೆಗೆ ಹೋಗಬೇಕು, ಅಲ್ಲಿಯವರೆಗೆ ಅಮ್ಮನವರು ಓದಲಿ, ನೀವು ಬರೆದುಕೊಳ್ಳಿ ಎಂದಳು. ಹೊಗಳಿಕೆಯ ಕಾಗದದಲ್ಲಿ ಈಗ ಯಾರ ಹೆಸರು ಎಂದು ಮಾತ್ರ ಹೇಳಲಿಲ್ಲ.

ಬುಲ್ಲಬ್ಬಾಯಿ ಹೊರಡುವಾಗ ಬೆನ್ನು ತಟ್ಟಿ, ಇಷ್ಟು ದಿನ ನಮ್ಮ ಗುದ್ದಲಿ ಇಳಿಸಿದ್ದು ತಂಗಿ ಅಂತಾಯ್ತು, ನೀನು ಬರೀ ಮೈಕು ಎಂದ. ತಾತಾರಾವು ತಲೆಯಾಡಿಸಿದ. ಅದೂ ತುಕ್ಕು ಹಿಡಿದ ಮೈಕು ಎಂದು ತಾನೇ ಸೇರಿಸಿದ. ಗೂಬೆಯ ಕೂಗು ಯಾರಾದರೂ ಕೂಗಿಯಾರು ಎಂದು ಕಿವಿಗೊಟ್ಟಿದ್ದ, ಯಾರೂ ಕೂಗಲಿಲ್ಲ. ಕೂಗಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಮನೆಗೆ ಬಂದು ಬಕೀಟು ಇಳಿಸಲು ಕೈಹಚ್ಚಿದ. ಹೊದಿಕೆಗಳ ಅಡಿಯಲ್ಲಿ ಬೇರೆಯೇ ಒಂದು ಬಟ್ಟೆ ಕೈಗೆ ಸಿಕ್ಕಿತು. ಕಣ್ಣ ಹತ್ತಿರ ತಂದು ನೋಡಿದರೆ ಅವನದೇ ಹಳೆಯ ಟವೆಲು, ತೊಳೆದು ತೊಳೆದು ಸೊಳ್ಳೆಪರದೆಯಂತಾಗಿತ್ತು. ಸಂಕ್ರಾಂತಿಯಿಂದ ದಿನಾ ಇದೊಂದನ್ನೇ ಬಕೀಟಿಗೆ ಹಾಕಿಕೊಂಡು ಹೋಗಿ ಜಾಲಿಸಿಕೊಂಡು ಬರುತ್ತಿದ್ದಳು. ಉಳಿದದ್ದೆಲ್ಲ ಮಷೀನಿಗೇ. ಟೀ ಅಂಗಡಿಯಲ್ಲಿ ತಾನು ಹೇಳಿದ ಕತ್ತೆಯ ಮಾತು ನೆನಪಾಗಿ, ಆ ಕತ್ತೆ ಯಾರೆಂದು ತಾತಾರಾವಿಗೆ ಈಗ ಸ್ಪಷ್ಟವಾಗಿ ಕಾಣಿಸಿತು. ಎರಡು ವರ್ಷದಲ್ಲಿ ಇಷ್ಟು ಸ್ಪಷ್ಟವಾಗಿ ಅವನಿಗೆ ಏನೂ ಕಂಡಿರಲಿಲ್ಲ.

"ಗೇಜು ಓದೋಕೆ ಯಾವಾಗ ಕಲಿತೆ?" ಎಂದು ಕೇಳಿದ.

"ಮೂವತ್ತು ವರ್ಷದಿಂದ ರವಿಕೆ ಹೊಲೀತಿದೀನಿ. ಟೇಪು ಓದೋಕೆ ಬರಲ್ವಾ?" ಎಂದಳು ಭೂಲಕ್ಷ್ಮಿ. "ಹೊಸ ಮೆಟ್ಟಿಲು ನೋಡಿ ನೀವು ಏನಾದ್ರೂ ಅಂತೀರೇನೋ ಅಂತ ಒಂದು ವಾರ ಕಾದೆ. ನೀವು ಆರನೇ ಮೆಟ್ಟಿಲೇ ಕೇಳಿದ್ರಿ. ಆಗ ಗೊತ್ತಾಯ್ತು ಕಣ್ಣು ಎಷ್ಟು ಹೋಗಿದೆ ಅಂತ. ಕ್ಯಾಲೆಂಡರ್ ಹಿಂದಿನ ಚೀಟಿ ನೋಡ್ಕೊಂಡು, ಗೇಜಲ್ಲಿರೋದನ್ನ ಮೆಟ್ಟಿಲು ಬೆರಳು ಮಾಡಿ ಹೇಳ್ತಿದ್ದೆ."

ಅಂದರೆ ಅವಳು ಅಂಕಿ ಓದಿ ಅದನ್ನು ಬೆರಳು ಮಾಡುವುದು, ಇವನು ಒಳಗೆ ಹೋಗಿ ಆ ಬೆರಳನ್ನು ಮತ್ತೆ ಅಂಕಿ ಮಾಡುವುದು. ಒಂಬತ್ತು ತಿಂಗಳು, ದಿನಕ್ಕೆರಡು ಸಲ. ಇಂಜಿನಿಯರ್ ಆಗಬೇಕಿದ್ದವನು!

"ಅಂಕಿನೇ ಹೇಳಬಾರದಿತ್ತೇನೇ?"

"ನೀವು ಅಂಕಿ ಕೇಳಿದ್ರಾ? ಮೆಟ್ಟಿಲು ಕೇಳಿದ್ರಿ."

ಅವಳು ಹೊದಿಕೆಗಳನ್ನೆಲ್ಲ ಮಷೀನಿಗೆ ತುಂಬಿ ಬಾಗಿಲು ಹಾಕಿದಳು.

ತಿಂಗಳೊಳಗೆ ರಾಜಮಂಡ್ರಿಯಲ್ಲಿ ಎರಡೂ ಕಣ್ಣಿನ ಪೊರೆ ತೆಗೆದರು. ಕಪ್ಪು ಕನ್ನಡಕ ಹಾಕಿಕೊಂಡು ಬಂದ ತಾತಾರಾವು, ಅದನ್ನು ಕಳಚಬಹುದೆಂದ ದಿನ ಬೆಳಿಗ್ಗೆ ಆರಕ್ಕೆ ಸೇತುವೆಯ ಮೇಲೆ ನಿಂತ. ಪಟ್ಟಿ ಬೆಳ್ಳಗೆ, ಅಂಕಿಗಳು ಇರುವೆ ಸಾಲಿನಷ್ಟು ಕಪ್ಪಗೆ. ಒಂದು ಮೀಟರು ಐವತ್ತೆರಡು. ನೀರು ತುದಿಯವರೆಗೂ ಹೋಗುತ್ತಿತ್ತು. ಕಣ್ಣು ತುಂಬಿ ಬಂದು ಅಂಕಿ ಮತ್ತೆ ಮಸುಕಾಯಿತು, ಥೂ ಎಂದು ಒರೆಸಿಕೊಂಡು ಇನ್ನೊಮ್ಮೆ ಓದಿದ. ಐವತ್ತೆರಡೇ. ಮದುಮಗನ ಹಾಗೆ ದಾಪುಗಾಲು ಹಾಕುತ್ತ ಮನೆಗೆ ಬಂದ.

ಭೂಲಕ್ಷ್ಮಿ ಆಗತಾನೇ ಎದ್ದು ಕಾಫಿಗೆ ಹಾಲಿಡುತ್ತಿದ್ದಳು. ಇಷ್ಟು ವರ್ಷದಲ್ಲಿ ಮೊದಲ ಸಲ ಆರು ಗಂಟೆಯವರೆಗೆ ಮಲಗಿದ್ದಳು. ತಿರುಗಿ ನೋಡದೆ, ಆಕಳಿಸುತ್ತ ಕೇಳಿದಳು.

"ಇವತ್ತು ನೀರು ಎಷ್ಟನೇ ಮೆಟ್ಟಿಲಿಗಿದೆ?"

"ಒಂದು ಐವತ್ತೆರಡು!"

"ನಾನು ಕೇಳಿದ್ದು ಮೆಟ್ಟಿಲು."

ಮೆಟ್ಟಿಲ ಕಡೆ ಅವನು ನೋಡಿಯೇ ಇರಲಿಲ್ಲ. ಬಾಗಿಲಲ್ಲಿ ಬಿಟ್ಟ ಚಪ್ಪಲಿ ಮತ್ತೆ ಮೆಟ್ಟಿಕೊಂಡು ಕಾಲುವೆಯ ಕಡೆ ನಡೆದ.